ಕೋವಿಯ ಮಾತು ಕೊನೆಗಿರಲಿ

ಅಳಿಯಾ,

ಗ್ಲಾಕ್ ತೊಗೊಳ್ಳಲೋ, ಸಿಗ್ ಸಾವರ್ ತೊಗೊಳ್ಳಲೋ ಎಂದು ಕೇಳಿದ್ದೀಯ. ಅದಕ್ಕೆ ಉತ್ತರ ಹೇಳುವುದು ಎರಡು ನಿಮಿಷದ ಕೆಲಸ, ಹೇಳುತ್ತೇನೆ. ಆದರೆ ಕಟ್ಟಕಡೆಗೆ ಕೇಳಬೇಕಾದ್ದನ್ನು ನೀನು ಮೊದಲೇ ಕೇಳಿದ್ದೀಯ. ಅಮೆರಿಕದಲ್ಲಿ ಬಂದೂಕು ಕೊಳ್ಳಹೊರಟವನು ತನ್ನ ಕಾಗದಪತ್ರ, ತಾನಿರುವ ರಾಜ್ಯ, ತನ್ನ ಮನೆ, ತನ್ನ ಮನಸ್ಸು, ಈ ನಾಲ್ಕನ್ನೂ ಇದೇ ಕ್ರಮದಲ್ಲಿ ನೋಡಿಕೊಂಡು ಆಮೇಲೆ ಅಂಗಡಿಯ ಮೆಟ್ಟಿಲು ಹತ್ತಬೇಕು. ಇವುಗಳಲ್ಲಿ ಒಂದು ಕೈಕೊಟ್ಟರೂ ಎಂಥ ಒಳ್ಳೆಯ ಪಿಸ್ತೂಲಾದರೂ ನಿನಗೇ ಮುಳುವಾಗುತ್ತದೆ.

ನನಗೆ ಬಂದೂಕೆಂದರೆ ಮಡಿ-ಮೈಲಿಗೆಯೇನೂ ಇಲ್ಲ. ಊರಿನಲ್ಲಿ ನಿನ್ನ ಅಜ್ಜನ ಅಡಿಕೆ ತೋಟಕ್ಕೆ ನುಗ್ಗುವ ಹಂದಿ ಓಡಿಸಲು ಬೆಳೆ ರಕ್ಷಣೆಯ ಕೋವಿ ಇತ್ತು. ಚುನಾವಣೆ ಬಂತೆಂದರೆ ಅದನ್ನು ಗೋಣಿಯಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಒಪ್ಪಿಸಿ, ಕೊಟ್ಟ ರಸೀದಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿಡುತ್ತಿದ್ದರು. ಅಲ್ಲಿ ಕೋವಿ ಎಂದರೆ ಸರ್ಕಾರ ಕೊಟ್ಟ ಪರವಾನಗಿ, ಬೇಕೆಂದಾಗ ವಾಪಸು ಕೇಳುವ ವಸ್ತು. ಇಲ್ಲಿ ಅದು ಹಕ್ಕು. 1791ರ ಎರಡನೇ ತಿದ್ದುಪಡಿಯಿಂದ ಬಂದದ್ದು. ಆತ್ಮರಕ್ಷಣೆಗಾಗಿ ಮನೆಯಲ್ಲಿ ಹ್ಯಾಂಡ್‌ಗನ್ ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕೆಂದು ಸುಪ್ರೀಂ ಕೋರ್ಟು 2008ರ ಹೆಲ್ಲರ್ ಪ್ರಕರಣದಲ್ಲಿ ಹೇಳಿತು, ಮನೆಯ ಹೊರಗೆ ಒಯ್ಯುವುದಕ್ಕೂ ಅದು ಅನ್ವಯಿಸುತ್ತದೆಂದು 2022ರ ಬ್ರೂಯೆನ್ ಪ್ರಕರಣದಲ್ಲಿ ಹೇಳಿತು. ಹಕ್ಕಾದ್ದರಿಂದ ನಿನ್ನನ್ನು ಕೇಳುವವರು ಕಡಿಮೆ. ಕೇಳುವವರು ಕಡಿಮೆ ಇರುವಲ್ಲಿ ನಮ್ಮನ್ನು ನಾವೇ ಹೆಚ್ಚು ಕೇಳಿಕೊಳ್ಳಬೇಕಾಗುತ್ತದೆ.

ಆ ನಾಲ್ಕಕ್ಕೂ ಮೊದಲು, ನಿನ್ನನ್ನು ಬಂದೂಕಿನತ್ತ ತಳ್ಳಿದ ಭಯದ ವಿಷಯ. ಭಯ ಸುಳ್ಳು ಎಂದು ನಾನು ಹೇಳುವುದಿಲ್ಲ. 2017ರಲ್ಲಿ ಕಾನ್ಸಾಸಿನ ಓಲೇಥದಲ್ಲಿ ಕೆಲಸ ಮುಗಿಸಿ ಬಾರಿನಲ್ಲಿ ಕೂತಿದ್ದ ಎಂಜಿನಿಯರ್ ಶ್ರೀನಿವಾಸ್ ಕೂಚಿಭೋಟ್ಲರನ್ನು ಜನಾಂಗದ್ವೇಷದಿಂದ ಗುಂಡಿಟ್ಟು ಕೊಂದಾಗ ಇಲ್ಲಿನ ನಮ್ಮವರೆಲ್ಲರ ಎದೆ ಝಲ್ಲೆಂದಿತ್ತು. ಆದರೆ ನಿನ್ನನ್ನು ನಿದ್ದೆಗೆಡಿಸುತ್ತಿರುವುದು ಅದಲ್ಲ, ಮನೆಗಳ್ಳತನ. ಭಾರತೀಯರ ಮನೆಯಲ್ಲಿ ಚಿನ್ನ ಇರುತ್ತದೆಂದು ಇಲ್ಲಿನ ಕಳ್ಳರಿಗೆ ಗೊತ್ತು. ಅವರು ಬರುವುದು ನೀವೆಲ್ಲ ಆಫೀಸಿಗೋ ದೇವಸ್ಥಾನಕ್ಕೋ ಹೋದ ಹೊತ್ತು ನೋಡಿಕೊಂಡು. ಖಾಲಿ ಮನೆಗೆ ನುಗ್ಗಿದವನಿಗೆ ಡ್ರಾಯರಿನಲ್ಲಿಟ್ಟ ಪಿಸ್ತೂಲು ಹೆದರಿಕೆಯ ವಸ್ತುವಲ್ಲ, ಬಳೆ-ಸರದ ಜೊತೆ ಸಿಕ್ಕ ಇನ್ನೊಂದು ಮಾಲು. ಹಾಗಾಗಿ ಮದುವೆಯ ಒಡವೆಯನ್ನು ಈ ವಾರವೇ ಬ್ಯಾಂಕ್ ಲಾಕರಿಗೆ ಸೇರಿಸು. ಬಾಗಿಲ ಚೌಕಟ್ಟಿನ ಸಣ್ಣ ಸ್ಕ್ರೂ ತೆಗೆಸಿ ಮೂರಿಂಚಿನದು ಹಾಕಿಸು, ಹಿತ್ತಲಿಗೆ ದೀಪ ಹಾಕಿಸು, ಅಲಾರಂ ಹಾಕಿಸಿದ್ದರೆ ಅದನ್ನು ನಿಜವಾಗಿ ಆನ್ ಮಾಡು. ಇಷ್ಟಾದ ಮೇಲೂ ರಾತ್ರಿಯ ಹೊತ್ತು ಹೆಂಡತಿ-ಮಗುವಿನ ರಕ್ಷಣೆಗೆ ಬಂದೂಕು ಬೇಕು ಅನ್ನಿಸಿದರೆ ಮುಂದೆ ಓದು.

ಕಾಗದಪತ್ರದಿಂದ ಶುರು ಮಾಡೋಣ. ನಿನಗೆ ಗ್ರೀನ್ ಕಾರ್ಡ್ ಬಂದಿದೆ, ಆದ್ದರಿಂದ ಫೆಡರಲ್ ಕಾನೂನಿನ ದೃಷ್ಟಿಯಲ್ಲಿ ನೀನು ಕೊಳ್ಳಬಹುದು. ನಿನ್ನ ಹೆಂಡತಿ ಇನ್ನೂ ಎಚ್-1ಬಿಯಲ್ಲಿದ್ದಾಳೆ. ವಲಸಿಗರಲ್ಲದವರ ವೀಸಾದ ಮೇಲೆ ಬಂದವರು, ಅಂದರೆ ಎಚ್-1ಬಿ, ಎಚ್-4, ಎಲ್-1, ಎಫ್-1, ಬಿ-2 ಎಲ್ಲರೂ, ಬಂದೂಕನ್ನಾಗಲಿ ಗುಂಡನ್ನಾಗಲಿ ವಶದಲ್ಲಿಟ್ಟುಕೊಳ್ಳುವಂತಿಲ್ಲ. ಇದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಮುಖ್ಯವಾದದ್ದು, ಅವಧಿ ಮುಗಿಯದ ಬೇಟೆ ಪರವಾನಗಿ. ಎಚ್-1ಬಿ ಹುಡುಗರು ಆ ಪರವಾನಗಿ ಮಾಡಿಸಿ ಬಂದೂಕು ಕೊಂಡದ್ದೂ ಇದೆ, ಅದು ಕಾನೂನುಬದ್ಧವೇ. ಆದರೆ ಪರವಾನಗಿ ಒಂದು ದಿನ ತಪ್ಪಿದರೂ ಕಪಾಟಿನಲ್ಲಿರುವ ಬಂದೂಕು ಅಪರಾಧವಾಗುತ್ತದೆ. ಬಂದೂಕಿನ ಅಪರಾಧ ಸಾಬೀತಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ಗಡಿಪಾರು ಮಾಡಲು ವಲಸೆ ಕಾನೂನಿನಲ್ಲಿ ಪ್ರತ್ಯೇಕ ಕಲಮೇ ಇದೆ. ಹುಟ್ಟು ನಾಗರಿಕನಿಗೆ ದಂಡದಲ್ಲಿ ಮುಗಿಯುವ ತಪ್ಪು ನಿನಗೆ ಮನೆ, ಕೆಲಸ, ಊರು ಎಲ್ಲವನ್ನೂ ಕಳೆಯಬಹುದು. ಇದನ್ನು ಅಂಗಡಿಯವನು ಹೇಳುವುದಿಲ್ಲ, ನೀನೇ ನೆನಪಿಟ್ಟುಕೊಳ್ಳಬೇಕು.

ಹೆಂಡತಿಯ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಸೇಫಿನ ಕೀಲಿ ಅಥವಾ ಸಂಖ್ಯೆ ಅವಳಿಗೂ ಗೊತ್ತಿದ್ದರೆ ಬಂದೂಕು ಅವಳ ವಶದಲ್ಲೂ ಇತ್ತೆಂದು ಸರ್ಕಾರಿ ವಕೀಲರು ವಾದಿಸಬಹುದು. ಅವಳಿಗೂ ಗ್ರೀನ್ ಕಾರ್ಡ್ ಬರುವ ತನಕ ಕಾಯುವುದು ಲೇಸು. ಕಾಯಲಾರೆ ಎಂದಾದರೆ ವಲಸೆ ವಕೀಲರನ್ನು ಕೇಳದೆ ಮುಂದುವರಿಯಬೇಡ. ಅಕ್ಕ-ಭಾವ ಬೇಸಿಗೆಗೆ ಬಂದಾಗ ಅವರನ್ನು ಶೂಟಿಂಗ್ ರೇಂಜಿಗೆ ಕರೆದೊಯ್ದು ಕೈಗೊಂದು ರೈಫಲು ಕೊಟ್ಟು ಫೋಟೊ ತೆಗೆದು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಆಸೆ ನಿನಗಿದ್ದರೆ ಅದನ್ನೂ ಬಿಡು. ಪ್ರವಾಸಿ ವೀಸಾದವರು ರೇಂಜಿನಲ್ಲಿ ಬಾಡಿಗೆಗೆ ಪಡೆದು ಹಿಡಿದ ಬಂದೂಕಿಗೂ ಅದೇ ನಿಷೇಧ. ಸಾಕ್ಷಿಯನ್ನು ನೀವೇ ಊರಿಗೆಲ್ಲ ಹಂಚಿದ ಹಾಗಾಗುತ್ತದೆ.

ಅಂಗಡಿಯಲ್ಲಿ ನಿನ್ನ ಮುಂದೆ ಇಡುವುದು ಫಾರಂ 4473. ಹೆಸರು, ವಿಳಾಸ, ಪೌರತ್ವ, ನಿನ್ನ ಗ್ರೀನ್ ಕಾರ್ಡಿನ ಸಂಖ್ಯೆ, ಆಮೇಲೆ ಹೌದು-ಇಲ್ಲ ಪ್ರಶ್ನೆಗಳ ಸಾಲು. ಮನೆ ಬದಲಾಯಿಸಿ ಡ್ರೈವಿಂಗ್ ಲೈಸೆನ್ಸಿನಲ್ಲಿ ಹಳೆಯ ವಿಳಾಸವೇ ಉಳಿದಿದ್ದರೆ ಅಲ್ಲಿಗೇ ಕೆಲಸ ನಿಲ್ಲಬಹುದು. ಪ್ರಶ್ನೆಗಳಲ್ಲಿ ಮೊದಲನೆಯದು, ಈ ಬಂದೂಕಿನ ನಿಜವಾದ ಖರೀದಿದಾರ ನೀನೇ ಏನು ಎಂಬುದು. ವೀಸಾದಲ್ಲಿರುವ ಗೆಳೆಯ ದುಡ್ಡು ಕೊಟ್ಟು ನಿನ್ನ ಹೆಸರಲ್ಲಿ ತಂದುಕೊಡು ಎಂದರೆ, ಎಷ್ಟೇ ಹತ್ತಿರದವನಾಗಲಿ, ಆಗದು ಎನ್ನು. 2022ರ ಕಾನೂನಿನಡಿ ಬೇರೆಯವರ ಪರವಾಗಿ ಹೀಗೆ ಕೊಳ್ಳುವುದಕ್ಕೆ 15 ವರ್ಷದವರೆಗೆ ಜೈಲು ಇದೆ. ಇನ್ನೊಂದು ಪ್ರಶ್ನೆ ಗಾಂಜಾದ್ದು. ರಾಜ್ಯ ಅನುಮತಿ ಕೊಟ್ಟಿದ್ದರೂ ಫೆಡರಲ್ ಕಾನೂನು ಒಪ್ಪುವುದಿಲ್ಲವೆಂದು ಫಾರಮ್ಮಿನಲ್ಲೇ ಅಚ್ಚಾಗಿದೆ. ಮಾದಕ ವಸ್ತುವಿನ ಈ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟದ್ದಕ್ಕೇ ಆಗಿನ ಅಧ್ಯಕ್ಷ ಬೈಡನ್ನರ ಮಗ ಹಂಟರ್ 2024ರಲ್ಲಿ ಡೆಲವೇರಿನ ನ್ಯಾಯಾಲಯದಲ್ಲಿ ತಪ್ಪಿತಸ್ಥರಾದರು. ಅವರನ್ನು ಕ್ಷಮಿಸಲು ಶ್ವೇತಭವನದಲ್ಲಿ ಅಪ್ಪ ಇದ್ದರು.

ಫಾರಂ ತುಂಬಿದ ಮೇಲೆ ಅಂಗಡಿಯವನು ಎಫ್‌ಬಿಐನ ತಪಾಸಣಾ ವ್ಯವಸ್ಥೆಗೆ ವಿವರ ಕಳಿಸುತ್ತಾನೆ. 1981ರಲ್ಲಿ ರೇಗನ್ ಮೇಲೆ ನಡೆದ ದಾಳಿಯಲ್ಲಿ ಗುಂಡೇಟು ತಿಂದ ಜೇಮ್ಸ್ ಬ್ರೇಡಿ ಹೆಸರಿನ 1993ರ ಕಾಯ್ದೆಯಿಂದ ಹುಟ್ಟಿ 1998ರಲ್ಲಿ ಜಾರಿಗೆ ಬಂದ ವ್ಯವಸ್ಥೆ ಇದು. ಸಾಮಾನ್ಯವಾಗಿ ನಿಮಿಷಗಳಲ್ಲೇ ಉತ್ತರ ಬರುತ್ತದೆ. ನಮ್ಮ ಹೆಸರು, ಇನಿಶಿಯಲ್ಲುಗಳ ಗೊಂದಲದಿಂದ ತಡವಾದರೆ ಸಿಡಿಮಿಡಿಗೊಳ್ಳದೆ ಮನೆಗೆ ಬಂದು ಕಾಯಿ. ಇನ್ನು ಗಂಡ-ಹೆಂಡಿರ ಜಗಳ ಕೈಕೈ ಮಿಲಾಯಿಸಿ ಪೊಲೀಸ್ ಕೇಸಾಗಿ ಶಿಕ್ಷೆಯಾದರೆ, ಸಣ್ಣ ಅಪರಾಧವೆಂದು ದಾಖಲಾದರೂ, 1996ರಿಂದೀಚೆಗೆ ಬಂದೂಕು ಹೊಂದುವುದಕ್ಕೆ ನಿಷೇಧವಿದೆ. ಈ ಒಂದು ನಿಯಮ ನನಗೆ ಬಹಳ ಸರಿಯೆನ್ನಿಸುತ್ತದೆ.

ಎರಡನೆಯದು ರಾಜ್ಯ. ನೀನಿರುವ ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರಿನಿಂದ ಅರ್ಹ ವಯಸ್ಕರು ಪರವಾನಗಿಯಿಲ್ಲದೆಯೇ ಹ್ಯಾಂಡ್‌ಗನ್ ಒಯ್ಯಬಹುದು. ಆದರೂ ಪರವಾನಗಿ ಮಾಡಿಸಿಕೋ ಎಂದೇ ನನ್ನ ಸಲಹೆ. ಅದಕ್ಕೊಂದು ತರಗತಿ, ಐವತ್ತು ಗುಂಡಿನ ಗುರಿ ಪರೀಕ್ಷೆ ಇರುತ್ತದೆ. ಎಲ್ಲಿ ಒಯ್ಯಬಾರದು, ಯಾವಾಗ ಗುಂಡು ಹಾರಿಸಬಾರದು ಎಂಬ ಪಾಠ ಗೆಳೆಯರಿಂದ ಪುಕ್ಕಟೆ ಸಿಗುವುದಕ್ಕಿಂತ ಅಲ್ಲಿ ನೆಟ್ಟಗೆ ಸಿಗುತ್ತದೆ. ಅಂಗಡಿ, ಆಸ್ಪತ್ರೆಗಳ ಬಾಗಿಲಲ್ಲಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ದಪ್ಪಕ್ಷರದಲ್ಲಿ ಬರೆದ 30.06, 30.07 ಎಂಬ ಫಲಕ ಕಂಡರೆ ಬಂದೂಕು ಒಳಗೆ ಹೋಗಕೂಡದು. ಬಾರಿನಲ್ಲಿ ಕೆಂಪಕ್ಷರದ 51% ಫಲಕ ಕಂಡರೂ ಅಷ್ಟೇ. ಅಂಚೆ ಕಚೇರಿಗೆ ಒಯ್ಯುವುದು ಫೆಡರಲ್ ಅಪರಾಧ.

ಟೆಕ್ಸಾಸ್ ಕೊಟ್ಟ ಪರವಾನಗಿ ಅಮೆರಿಕ ಕೊಟ್ಟದ್ದಲ್ಲ. ನ್ಯೂಜೆರ್ಸಿ, ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ಬೇರೆ ಯಾವ ರಾಜ್ಯದ ಪರವಾನಗಿಯನ್ನೂ ಒಪ್ಪುವುದಿಲ್ಲ. 2013ರಲ್ಲಿ ಪೆನ್ಸಿಲ್ವೇನಿಯಾದ ಪರವಾನಗಿ ಇದ್ದ ಒಬ್ಬ ತಾಯಿ ನ್ಯೂಜೆರ್ಸಿಯೊಳಗೆ ಕಾರಿನಲ್ಲಿ ಬಂದಾಗ ಟ್ರಾಫಿಕ್ ಪೊಲೀಸರು ನಿಲ್ಲಿಸಿದರು. ತನ್ನ ಬಳಿ ಪಿಸ್ತೂಲಿದೆ ಎಂದು ಆಕೆಯೇ ಪ್ರಾಮಾಣಿಕವಾಗಿ ಹೇಳಿದಳು, ಬಂಧನವಾಯಿತು. ವರ್ಷಗಟ್ಟಲೆ ಜೈಲಾಗುವ ಭೀತಿಯಿಂದ ಪಾರಾದ ಆಕೆಗೆ ಪೂರ್ಣ ಬಿಡುಗಡೆ ಸಿಕ್ಕಿದ್ದು 2015ರಲ್ಲಿ ಗವರ್ನರ್ ಕ್ರಿಸ್ಟಿ ಕ್ಷಮಾದಾನ ಕೊಟ್ಟಾಗ. ಎಡಿಸನ್ನಿನಲ್ಲಿರುವ ಚಿಕ್ಕಪ್ಪನ ಮನೆಗೆ ಕಾರಿನಲ್ಲಿ ಹೊರಟರೆ ಬಂದೂಕು ಮನೆಯಲ್ಲೇ ಇರಲಿ. ನಾಳೆ ಕೆಲಸ ಬದಲಿಸಿ ಆ ಕಡೆ ಹೋಗುವುದಾದರೆ ಇನ್ನೂ ಲೆಕ್ಕ ಹಾಕು: ನ್ಯೂಜೆರ್ಸಿಯಲ್ಲಿ ಬೆರಳಚ್ಚು ಕೊಟ್ಟು ಗುರುತಿನ ಕಾರ್ಡು ಪಡೆಯಬೇಕು, ಪ್ರತಿ ಹ್ಯಾಂಡ್‌ಗನ್‌ಗೂ ಬೇರೆ ಬೇರೆ ಅನುಮತಿ ಬೇಕು, ಮ್ಯಾಗಜೀನಿನಲ್ಲಿ ಹತ್ತಕ್ಕಿಂತ ಹೆಚ್ಚು ಗುಂಡು ಇರಕೂಡದು. ಕ್ಯಾಲಿಫೋರ್ನಿಯಾದಲ್ಲಿ ಲಿಖಿತ ಪರೀಕ್ಷೆ, ಹತ್ತು ದಿನದ ಕಾಯುವಿಕೆ. ಇಲಿನಾಯ್‌ನಲ್ಲಿ ಮೊದಲು ಅಲ್ಲಿನ ಬಂದೂಕು ಗುರುತಿನ ಕಾರ್ಡು ಕೈಯಲ್ಲಿರಬೇಕು. ಪಕ್ಕದ ರಾಜ್ಯದಲ್ಲಿ ಅಗ್ಗವೆಂದು ಹ್ಯಾಂಡ್‌ಗನ್ ನೇರವಾಗಿ ಕೊಂಡು ತರುವುದಕ್ಕೂ ಇಲ್ಲ. ಇನ್ನು ಗನ್ ಶೋನಲ್ಲಿ, ಪರಿಚಯದವರ ಬಳಿ ತಪಾಸಣೆಯಿಲ್ಲದೆ ಕೊಳ್ಳಲು ಟೆಕ್ಸಾಸ್ ಬಿಡುತ್ತದೆ, ನೀನು ಕೊಳ್ಳಬೇಡ. ಆ ಬಂದೂಕು ಹಿಂದೆ ಎಲ್ಲಿ ಏನು ಮಾಡಿ ಬಂದಿದೆಯೋ ಯಾರಿಗೆ ಗೊತ್ತು!

ವಿಮಾನದ ಮಾತನ್ನೂ ಇಲ್ಲೇ ಮುಗಿಸುತ್ತೇನೆ. 2023ರಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ ಕೈಚೀಲಗಳೊಳಗೆ 6,737 ಬಂದೂಕು ಸಿಕ್ಕವು, ಹೆಚ್ಚಿನವು ಗುಂಡು ತುಂಬಿದ್ದವು. ಬಹುತೇಕರ ಸಮಜಾಯಿಷಿ ಒಂದೇ, ಮರೆತೆ ಅಂತ. ನೀನು ಬೇರೆ ವರ್ಷಕ್ಕೊಮ್ಮೆ ಊರಿಗೆ ಹೋಗುವವನು. ರೇಂಜಿಗೆ ಒಯ್ದ ಬ್ಯಾಗಿನ ಮೂಲೆಯಲ್ಲಿ ಒಂದೇ ಒಂದು ಗುಂಡು ಉಳಿದು ಬೆಂಗಳೂರಿನಲ್ಲೋ ದೆಹಲಿಯಲ್ಲೋ ಎಕ್ಸ್‌ರೇಗೆ ಸಿಕ್ಕಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸಾಗುತ್ತದೆ. ಗೊತ್ತಿಲ್ಲದೆ ಉಳಿದದ್ದೆಂದು ಮನವರಿಕೆಯಾದರೆ ನ್ಯಾಯಾಲಯಗಳು ಇಂಥ ಕೇಸು ರದ್ದು ಮಾಡಿದ್ದುಂಟು. ಅಷ್ಟರಲ್ಲಿ ನಿನ್ನ ರಜೆ ಠಾಣೆ-ಕೋರ್ಟುಗಳಲ್ಲಿ ಕಳೆದಿರುತ್ತದೆ. ರೇಂಜಿಗೆ ಒಂದು ಬ್ಯಾಗು, ಊರಿಗೆ ಒಂದು ಬ್ಯಾಗು. ಎಂದೂ ಅದಲುಬದಲಾಗಬಾರದು.

ಮೂರನೆಯದು ಮನೆ. ನಿನ್ನ ಮನೆಯ ಗೋಡೆ ಇಟ್ಟಿಗೆಯದಲ್ಲ, ಮರದ ಚೌಕಟ್ಟಿಗೆ ಎರಡೂ ಕಡೆ ಅರ್ಧ ಇಂಚಿನ ಜಿಪ್ಸಂ ಹಲಗೆ ಬಡಿದದ್ದು. ಹಜಾರದಲ್ಲಿ ಗುರಿತಪ್ಪಿದ 9 ಎಂಎಂ ಗುಂಡು ಮಗುವಿನ ಕೋಣೆಯ ಗೋಡೆಯನ್ನೂ ಅದರಾಚೆಯದನ್ನೂ ದಾಟಿ ಹೋಗುತ್ತದೆ. ಬಂದೂಕು ತರುವ ಮೊದಲು ಒಂದು ರಾತ್ರಿ ನಿನ್ನ ಮಲಗುವ ಕೋಣೆಯ ಬಾಗಿಲಲ್ಲಿ ನಿಂತು ನೋಡು. ಯಾವ ದಿಕ್ಕಿಗೆ ತೊಟ್ಟಿಲಿದೆ, ಯಾವ ದಿಕ್ಕಿಗೆ ಪಕ್ಕದ ಮನೆಯವರ ಹಾಸಿಗೆಯಿದೆ? ಗುಂಡು ಹಾರಿಸಲು ಒಂದೂ ದಿಕ್ಕಿಲ್ಲವೆಂದು ಕಂಡರೆ ಆ ಮನೆಗೆ ಬಂದೂಕು ಸಲ್ಲದು.

ಮಗು ಈಗ ಅಂಬೆಗಾಲಿಡುತ್ತಿದೆ. 2020ರಿಂದೀಚೆಗೆ ಈ ದೇಶದಲ್ಲಿ ಒಂದರಿಂದ ಹತ್ತೊಂಬತ್ತು ವಯಸ್ಸಿನವರ ಸಾವಿಗೆ ಮೊದಲ ಕಾರಣ ಬಂದೂಕು. ಕಪಾಟಿನ ಮೇಲೆ, ಸೀರೆಗಳ ನಡುವೆ, ದಿಂಬಿನ ಕೆಳಗೆ ಇಟ್ಟರೆ ಮಗುವಿಗೆ ಸಿಗುವುದಿಲ್ಲ ಎಂದುಕೊಳ್ಳಬೇಡ. ಯುಗಾದಿಗೆ ತಂದ ಕಜ್ಜಾಯವನ್ನು ಮಕ್ಕಳು ಎಲ್ಲಿಂದ ಹುಡುಕಿ ತಿನ್ನುತ್ತಾರೆಂದು ನಿಮ್ಮಮ್ಮನನ್ನು ಕೇಳು. ಗೋಡೆಗೋ ಮಂಚಕ್ಕೋ ಬೋಲ್ಟು ಹಾಕಿ ಬಿಗಿದ, ಬೆರಳ ಗುರುತಿಗಾಗಲಿ ಗುಂಡಿಯೊತ್ತಿದರಾಗಲಿ ಥಟ್ಟನೆ ತೆರೆಯುವ ಉಕ್ಕಿನ ಪೆಟ್ಟಿಗೆ ಬೇಕು. ನಿನ್ನ ಮೈಮೇಲಿರಬೇಕು, ಇಲ್ಲವೇ ಅದರೊಳಗಿರಬೇಕು. ಬಂದೂಕಿಗೆ ಮೂರನೆಯ ಜಾಗವಿಲ್ಲ. ಮಿಶಿಗನ್ನಿನ ಆಕ್ಸ್‌ಫರ್ಡ್ ಶಾಲೆಯಲ್ಲಿ 2021ರಲ್ಲಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದ ಹುಡುಗನ ಕೈಗೆ ಸಿಕ್ಕಿದ್ದು ಮನೆಯಲ್ಲಿದ್ದ ಪಿಸ್ತೂಲು. ಅವನ ತಂದೆ ತಾಯಿ ಇಬ್ಬರಿಗೂ 2024ರಲ್ಲಿ ಹತ್ತರಿಂದ ಹದಿನೈದು ವರ್ಷದ ಶಿಕ್ಷೆಯಾಯಿತು. ಮುಂದೆ ಮಗು ಬೇರೆಯವರ ಮನೆಗೆ ಆಡಲು ಹೋಗುವಾಗ, ನಿಮ್ಮಲ್ಲಿ ಬಂದೂಕಿದೆಯೇ, ಬೀಗ ಹಾಕಿದೆಯೇ ಎಂದು ಸಂಕೋಚವಿಲ್ಲದೆ ಕೇಳು. ಕಡಲೆಕಾಯಿ ಅಲರ್ಜಿ ವಿಚಾರಿಸುವವರು ಇದನ್ನು ವಿಚಾರಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ನಾಲ್ಕನೆಯದು ಮನಸ್ಸು. ನಮ್ಮವರು ಬಾಯಿ ಬಿಡದ ವಿಷಯ ಇದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಅಮೆರಿಕದಲ್ಲಿ 2023ರಲ್ಲಿ ಬಂದೂಕಿನಿಂದ ಸತ್ತವರು 46,728 ಮಂದಿ. ಅದರಲ್ಲಿ ಸುಮಾರು 27,300 ಸಾವುಗಳು ಆತ್ಮಹತ್ಯೆ. ಅಂದರೆ ಮನೆಗೆ ಬಂದ ಬಂದೂಕು ಕಳ್ಳನಿಗಿಂತ ಹೆಚ್ಚಾಗಿ ಮನೆಯವರನ್ನೇ ನೋಡಿದೆ. ಕ್ಯಾಲಿಫೋರ್ನಿಯಾದ ಕೋಟ್ಯಂತರ ಜನರ ದಾಖಲೆ ನೋಡಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹ್ಯಾಂಡ್‌ಗನ್ ಇದ್ದ ಗಂಡಸರು ಅದರಿಂದ ಆತ್ಮಹತ್ಯೆ ಮಾಡಿಕೊಂಡ ಪ್ರಮಾಣ ಇಲ್ಲದವರಿಗಿಂತ ಸುಮಾರು ಎಂಟು ಪಟ್ಟು ಎಂದು ಕಂಡಿತು. ಕೆಲಸ ಹೋಗುವುದು, ವೀಸಾ ತಿರಸ್ಕಾರವಾಗುವುದು, ಮದುವೆ ಮುರಿಯುವುದು, ಇವೆಲ್ಲ ನಮ್ಮವರ ಮನೆಗಳಲ್ಲೂ ಆಗುತ್ತವೆ. ಊರಿನಿಂದ ಸಾವಿರಾರು ಮೈಲಿ ದೂರದಲ್ಲಿ ನಡುರಾತ್ರಿ ಒಬ್ಬನೇ ಕೂತವನಿಗೆ ಆ ಗಳಿಗೆ ದಾಟಿದರೆ ಬೆಳಗಾಗುತ್ತದೆ, ಕೈಗೆಟುಕುವಲ್ಲಿ ಬಂದೂಕಿದ್ದರೆ ಗಳಿಗೆ ದಾಟುವುದೇ ಕಷ್ಟ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಆದ್ದರಿಂದ ಈಗಲೇ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಳ್ಳೋಣ. ಮನೆಯಲ್ಲಿ ಯಾರಿಗೇ ಮನಸ್ಸು ಕುಗ್ಗಿದರೂ ನನಗೊಂದು ಫೋನು ಮಾಡು. ಕಾರಣ ಕೇಳುವುದಿಲ್ಲ, ಬಂದು ಬಂದೂಕನ್ನು ನನ್ನ ಸೇಫಿಗೆ ಒಯ್ಯುತ್ತೇನೆ. ಮಾತಾಡಬೇಕೆನಿಸಿದರೆ 988 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಅದಕ್ಕೆ ಪೌರತ್ವ ಬೇಕಿಲ್ಲ.

ಈಗ ನಿನ್ನ ಪ್ರಶ್ನೆ. ಗ್ಲಾಕೋ ಸಿಗ್ಗೋ? ಎರಡೂ ಒಳ್ಳೆಯವೇ, ಸ್ಮಿತ್ ಆ್ಯಂಡ್ ವೆಸನ್ನಿನ ಎಂ ಆ್ಯಂಡ್ ಪಿ ಕೂಡ. ನಿನ್ನ ಅಂಗೈಗೆ ಯಾವುದು ಕೂರುತ್ತದೆ, ತೋರುಬೆರಳ ತುದಿ ಟ್ರಿಗರಿಗೆ ಸಲೀಸಾಗಿ ಎಟುಕುತ್ತದೆಯೇ, ಸ್ಲೈಡನ್ನು ಒದ್ದಾಡದೆ ಹಿಂದಕ್ಕೆಳೆಯಲು ಬರುತ್ತದೆಯೇ ಎಂಬುದೇ ಮುಖ್ಯ. ರೇಂಜಿನಲ್ಲಿ ಬಾಡಿಗೆಗೆ ಸಿಗುತ್ತವೆ, ನಾಲ್ಕೈದನ್ನು ಹಾರಿಸಿ ನೋಡಿ ಆರಿಸು. ಜೇಬಿನಲ್ಲಿ ಹಿಡಿಸುವ ಪುಟಾಣಿ ಪಿಸ್ತೂಲು ನೋಡಲು ಸುಲಭ, ಹಾರಿಸಲು ಕಷ್ಟ. ಹಗುರಾದಷ್ಟೂ ಒದೆತ ಜೋರು. ಹೊಸಬನಿಗೆ ಗ್ಲಾಕ್ 19ರ ಅಳತೆಯ 9 ಎಂಎಂ ಸರಿಯಾದ ಗಾತ್ರ. ಮನೆಗೆ ಶಾಟ್‌ಗನ್ನೇ ಸಾಕು ಎನ್ನುವವರೂ ಇದ್ದಾರೆ. ಮಾಸ್‌ಬರ್ಗ್ 500, ರೆಮಿಂಗ್ಟನ್ 870 ಕಾಲದ ಪರೀಕ್ಷೆ ಗೆದ್ದವು, ಆದರೆ 12 ಗೇಜಿನ ಹೊಡೆತಕ್ಕೆ ಭುಜ ಗಟ್ಟಿ ಬೇಕು, ಇಕ್ಕಟ್ಟಾದ ಹಜಾರದಲ್ಲಿ ತಿರುಗಿಸುವುದೂ ಕಷ್ಟ. ಎಆರ್-15 ಈಗ ಬೇಡ, ಹಲವು ರಾಜ್ಯಗಳಲ್ಲಿ ಅದಕ್ಕೆ ನಿಷೇಧವಿದೆ. ನನ್ನನ್ನು ಕೇಳಿದರೆ ಮೊದಲು ರೂಗರ್ 10/22ರಂಥ ಪಾಯಿಂಟ್ 22 ರೈಫಲಿನಲ್ಲಿ ಕೈ ಪಳಗಿಸು. ಸದ್ದು ಕಡಿಮೆ, ಗುಂಡು ಅಗ್ಗ, ಬೆಚ್ಚಿಬೀಳುವ ದುರಭ್ಯಾಸ ಅಂಟುವುದಿಲ್ಲ. ಪಿಸ್ತೂಲಿಗೆ ಐನೂರು-ಆರುನೂರು ಡಾಲರ್ ಕೊಡುವವನು ಸೇಫಿಗೆ, ತರಬೇತಿಗೆ, ಅಭ್ಯಾಸದ ಗುಂಡಿಗೆ ಕಡೇಪಕ್ಷ ಅಷ್ಟೇ ಹಣ ಎತ್ತಿಡಬೇಕು.

ರೇಂಜಿನಲ್ಲಿ ಕಿವಿಗೆ ಒಳಗೊಂದು, ಮೇಲೊಂದು ಮುಚ್ಚಿಗೆ ಹಾಕು, ಒಂದು ಹೊಡೆತದ ಸದ್ದು 140 ಡೆಸಿಬೆಲ್ ಮೀರುತ್ತದೆ. ಅಲ್ಲಿನ ಗಾಳಿಯಲ್ಲಿ ಸೀಸದ ಧೂಳಿರುವುದರಿಂದ ಮನೆಗೆ ಬಂದು ಕೈ-ಮುಖ ತೊಳೆದು ಬಟ್ಟೆ ಬದಲಿಸದೆ ಮಗುವನ್ನು ಎತ್ತಿಕೊಳ್ಳಬೇಡ. ಪ್ರತಿ ಬಂದೂಕಿನಲ್ಲೂ ಗುಂಡಿದೆ ಎಂದೇ ತಿಳಿ, ಹೊಡೆಯಬಾರದ್ದರತ್ತ ನಳಿಗೆ ತಿರುಗಿಸಬೇಡ, ಗುರಿಯಿಡುವ ತನಕ ಬೆರಳು ಟ್ರಿಗರಿನ ಹೊರಗಿರಲಿ, ಗುರಿಯ ಹಿಂದೆ ಏನಿದೆಯೆಂದು ತಿಳಿದಿರಲಿ. ಜೆಫ್ ಕೂಪರ್ ಎಂಬ ಬಂದೂಕು ಗುರು ಹೇಳಿಕೊಟ್ಟ ಈ ನಾಲ್ಕು ನಿಯಮ ನಿದ್ದೆಯಲ್ಲೂ ಬಾಯಿಗೆ ಬರಬೇಕು.

ಇಷ್ಟೆಲ್ಲ ಕಲಿತವನೂ ರಾತ್ರಿ ಸದ್ದಾದಾಗ ಬಂದೂಕು ಹಿಡಿದು ಮನೆಯೆಲ್ಲ ಹುಡುಕಬಾರದು. ಹೆಂಡತಿ-ಮಗುವನ್ನು ಒಂದೇ ಕೋಣೆಗೆ ಸೇರಿಸಿ ಬಾಗಿಲು ಹಾಕಿ 911ಕ್ಕೆ ಕರೆ ಮಾಡಿ ಅಲ್ಲೇ ಇರು. ಪೊಲೀಸರು ಬಂದಾಗ ಬಂದೂಕು ನಿನ್ನ ಕೈಯಲ್ಲಿರಬಾರದು. ಕತ್ತಲಲ್ಲಿ ಪಿಸ್ತೂಲು ಹಿಡಿದು ನಿಂತ ಕಂದು ಬಣ್ಣದವನು ಮನೆಯ ಯಜಮಾನನೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಬಾಗಿಲು ಬಡಿದವರೆಲ್ಲ ಕಳ್ಳರೂ ಅಲ್ಲ. 2023ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ತಮ್ಮಂದಿರನ್ನು ಕರೆದೊಯ್ಯಲು ಬಂದ ಹದಿನಾರರ ಹುಡುಗನೊಬ್ಬ ತಪ್ಪಾದ ಮನೆಯ ಕರೆಗಂಟೆ ಒತ್ತಿ ಗುಂಡೇಟು ತಿಂದ. ಅವನ ಪುಣ್ಯ, ಬದುಕಿದ. ಹೊಡೆದ ಮುದುಕರು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು.

ಕಡೆಯದಾಗಿ, ಕೊಂಡದ್ದನ್ನು ಜೀವಮಾನವಿಡೀ ಇಟ್ಟುಕೊಳ್ಳಬೇಕೆಂಬ ಹಟ ಬೇಡ. ಮಗುವಿಗೆ ಹದಿಮೂರಾದಾಗ, ಬೇರೆ ರಾಜ್ಯಕ್ಕೆ ಹೊರಟಾಗ, ಮನೆಯಲ್ಲಿ ಯಾರಿಗಾದರೂ ಮರೆವೋ ಖಿನ್ನತೆಯೋ ಶುರುವಾದಾಗ, ಆರು ತಿಂಗಳಿಂದ ಅಭ್ಯಾಸವೇ ಮಾಡಿಲ್ಲವೆಂದು ಹೊಳೆದಾಗ, ಇದು ನನಗೆ ಇನ್ನೂ ಬೇಕೇ ಎಂದು ಹೊಸದಾಗಿ ಕೇಳಿಕೋ. ಬೇಡವೆನ್ನಿಸಿದರೆ ಲೈಸೆನ್ಸಿರುವ ಅಂಗಡಿಗೇ ಮಾರಿ ರಸೀದಿ ಪಡೆ. ನಷ್ಟವಾದರೆ ಇನ್ನೂರು ಡಾಲರ್ ಆದೀತು. ಕೊಳ್ಳುವುದು ಹೇಗೆ ನಿನ್ನ ಹಕ್ಕೋ ಕೊಳ್ಳದಿರುವುದೂ, ಕೊಂಡದ್ದನ್ನು ಬಿಡುವುದೂ ಅಷ್ಟೇ ನಿನ್ನ ಹಕ್ಕು. ಅವಳ ಗ್ರೀನ್ ಕಾರ್ಡ್ ಬರಲಿ, ಆ ಹೊತ್ತಿಗೂ ಬೇಕೆನ್ನಿಸಿದರೆ ಶನಿವಾರ ಬೆಳಿಗ್ಗೆ ಹೇಳು, ರೇಂಜಿಗೆ ಒಟ್ಟಿಗೇ ಹೋಗೋಣ.

ಇಂತು ನಿನ್ನ
ಸೋದರಮಾವ